ಒಂದೇ ಕಚೇರಿ, ಒಂದೇ ಹೊರೆ, ಬಳಲುವವರು ಮಾತ್ರ ಕೆಲವರು

ಒಂದೇ ವಿಭಾಗದಲ್ಲಿ, ಒಬ್ಬರೇ ಮೇಲಧಿಕಾರಿಯ ಕೈಕೆಳಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದ ಕೆಲಸ ಹೊತ್ತು ದುಡಿಯುವ ಹತ್ತು ಜನರಲ್ಲಿ ಇಬ್ಬರೋ ಮೂವರೋ ವರ್ಷ ತುಂಬುವಷ್ಟರಲ್ಲಿ ಪೂರ್ತಿ ಬಸವಳಿದು ಹೋಗಿರುತ್ತಾರೆ. ಉಳಿದವರು ಗೊಣಗುತ್ತಲೋ ತಮಾಷೆ ಮಾಡಿಕೊಳ್ಳುತ್ತಲೋ ಹೇಗೋ ದಿನ ದೂಡುತ್ತಿರುತ್ತಾರೆ. ಉದ್ಯೋಗದಲ್ಲಿ ನಾಲ್ಕಾರು ವರ್ಷ ಕಳೆದ ಎಲ್ಲರೂ ಇದನ್ನು ಕಂಡವರೇ. ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. "ಅವರ ಸ್ವಭಾವವೇ ಅಂಥದ್ದು, ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳುತ್ತಾರೆ" ಎನ್ನುವುದು ಒಂದು. "ಇಂಥ ಜಾಗದಲ್ಲಿ ಯಾರಿದ್ದರೂ ಹಾಗೇ ಆಗುತ್ತಿತ್ತು" ಎನ್ನುವುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ಆಡಳಿತ ವರ್ಗದ ಬಾಯಲ್ಲಿ ಕೇಳಿಬರುತ್ತದೆ, ಎರಡನೆಯದು ಸಹೋದ್ಯೋಗಿಗಳ ಬಾಯಲ್ಲಿ. ಎರಡನ್ನೂ ಪೂರ್ತಿ ಒಪ್ಪಲು ನನಗೆ ಸಾಧ್ಯವಾಗಿಲ್ಲ. ಬರ್ನ್‌ಔಟ್ ಎಂಬ ಸ್ಥಿತಿಯನ್ನು ಹುಟ್ಟಿಸುವುದು ಕೆಲಸದ ವ್ಯವಸ್ಥೆ. ಆ ವ್ಯವಸ್ಥೆಯ ಹೊರೆ ಯಾರ ಹೆಗಲ ಮೇಲೆ ಹೆಚ್ಚು ಬೀಳುತ್ತದೆ, ಅದನ್ನು ಅವರು ಎಷ್ಟು ಕಾಲ ಯಾರಿಗೂ ತಿಳಿಯದಂತೆ ಹೊರುತ್ತಾರೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅವರವರ ಸ್ವಭಾವ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಮೊದಲಿಗೆ ಬರ್ನ್‌ಔಟ್ ಎಂದರೆ ಯಾವುದು ಎಂಬುದನ್ನು ಸ್ವಲ್ಪ ಖಚಿತಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಈಗೀಗ ಒಂದು ವಾರ ನಿದ್ದೆ ಕೆಟ್ಟರೂ ಜನ ಈ ಮಾತನ್ನು ಬಳಸುತ್ತಾರೆ. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ, ತನ್ನ ಜೊತೆಗಿದ್ದ ಸ್ವಯಂಸೇವಕರಲ್ಲೂ ತನ್ನಲ್ಲೂ ಕಂಡುಬಂದ ಸ್ಥಿತಿಯನ್ನು ವಿವರಿಸುತ್ತಾ ಈ ಹೆಸರನ್ನು ವೃತ್ತಿಜೀವನದ ಚರ್ಚೆಗೆ ತಂದರು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿ 1981ರಲ್ಲಿ ಪ್ರಕಟಿಸಿದರು. ಅವರ ಪ್ರಕಾರ ಇದಕ್ಕೆ ಮೂರು ಮುಖಗಳು: ಭಾವನಾತ್ಮಕವಾಗಿ ಬತ್ತಿಹೋಗುವ ಬಳಲಿಕೆ, ಕೆಲಸದ ಬಗ್ಗೆಯೂ ಎದುರಿಗಿರುವ ಜನರ ಬಗ್ಗೆಯೂ ಬೆಳೆಯುವ ತಾತ್ಸಾರ, ಮತ್ತು ತಾನು ಮಾಡುತ್ತಿರುವುದರಿಂದ ಏನೂ ಸಾಧನೆಯಾಗುತ್ತಿಲ್ಲ ಎಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ಬಂದಿರುವ ತನ್ನ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದೆ ಉಳಿದ ದೀರ್ಘಕಾಲದ ಉದ್ಯೋಗದ ಒತ್ತಡದಿಂದ ಹುಟ್ಟುವ ವೃತ್ತಿಸಂಬಂಧಿ ವಿದ್ಯಮಾನವೆಂದು ಗುರುತಿಸಿದೆ. ವಾರಾಂತ್ಯದ ನಿದ್ದೆಯಿಂದ ತೀರುವ ದಣಿವಿಗೂ ಇದಕ್ಕೂ ಇರುವ ಅಂತರ ಮುಖ್ಯವಾಗಿ ಎರಡನೆಯ ಮುಖದಲ್ಲಿದೆ. ದಣಿದವರಿಗೆ ಕೆಲಸದ ಮೇಲಿನ ಪ್ರೀತಿ ಉಳಿದಿರುತ್ತದೆ. ಬಳಲಿ ಬತ್ತಿದವರಿಗೆ ಫೋನ್ ರಿಂಗಾದರೆ ಆ ಕಡೆಯವರ ಮೇಲೆಯೇ ಅಸಹ್ಯ ಹುಟ್ಟುತ್ತದೆ.

ಸ್ವಭಾವವನ್ನು ಅಳೆಯಲು ಸಂಶೋಧಕರು ಇಂದು ಹೆಚ್ಚಾಗಿ ಬಳಸುವುದು ಐದು ಗುಣಗಳ ಚೌಕಟ್ಟನ್ನು. ಆತಂಕ, ಸಿಟ್ಟು, ಖಿನ್ನತೆಗಳ ಕಡೆಗೆ ಮನಸ್ಸು ಬೇಗ ವಾಲುವ ಗುಣ. ಜನರ ನಡುವೆ ಚೈತನ್ಯ ಪಡೆಯುವ ಬಹಿರ್ಮುಖತೆ. ಶಿಸ್ತು ಮತ್ತು ಕರ್ತವ್ಯನಿಷ್ಠೆ. ಇತರರೊಡನೆ ಹೊಂದಿಕೊಂಡು ಹೋಗುವ ಸೌಮ್ಯತೆ. ಹೊಸ ವಿಚಾರ, ಹೊಸ ಅನುಭವಗಳ ಬಗೆಗಿನ ಕುತೂಹಲ. ಇವುಗಳಲ್ಲಿ ಮೊದಲನೆಯದನ್ನು ನ್ಯೂರೋಟಿಸಿಸಂ ಎನ್ನುತ್ತಾರೆ. ಜೀನ್ ಅಲಾರ್ಕನ್ ಮತ್ತು ಸಂಗಡಿಗರು 2009ರಲ್ಲಿ, ಬ್ರಯನ್ ಸ್ವೈಡರ್ ಮತ್ತು ರಯನ್ ಝಿಮ್ಮರ್‌ಮನ್ 2010ರಲ್ಲಿ, ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಗಳು ಬಹುತೇಕ ಒಂದೇ ದಿಕ್ಕನ್ನು ತೋರಿಸಿದವು. ನ್ಯೂರೋಟಿಸಿಸಂ ಹೆಚ್ಚಿದ್ದವರಲ್ಲಿ ಬರ್ನ್‌ಔಟ್ ಹೆಚ್ಚು, ಅದರಲ್ಲೂ ಬಳಲಿಕೆ ಹೆಚ್ಚು. ಬಹಿರ್ಮುಖತೆ, ಕರ್ತವ್ಯನಿಷ್ಠೆ, ಸೌಮ್ಯತೆಗಳು ಹೆಚ್ಚಿದ್ದವರಲ್ಲಿ ಕಡಿಮೆ. ಕುತೂಹಲದ ಗುಣಕ್ಕೆ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲ.

ಇದನ್ನು ಓದಿದ ಕೂಡಲೇ "ಹಾಗಾದರೆ ಆತಂಕದ ಸ್ವಭಾವದವರೇ ಬಳಲುವುದು" ಎಂದು ಷರಾ ಬರೆದು ಮುಗಿಸಿಬಿಡಬಹುದು. ಆದರೆ ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಒಂದೇ ಹೊತ್ತಿನಲ್ಲಿ, ಒಬ್ಬರೇ ವ್ಯಕ್ತಿಗೆ, ಎರಡೂ ಪ್ರಶ್ನಾವಳಿಗಳನ್ನು ಕೊಟ್ಟು ಉತ್ತರ ಪಡೆದಂಥವು. ಆರು ತಿಂಗಳಿಂದ ನೆಟ್ಟಗೆ ನಿದ್ದೆಯಿಲ್ಲದ, ಪ್ರತಿದಿನ ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುವ ಮನುಷ್ಯನ ಮುಂದೆ "ನಿಮಗೆ ಸಣ್ಣ ವಿಷಯಗಳಿಗೂ ಕಳವಳವಾಗುತ್ತದೆಯೇ?" ಎಂಬ ಪ್ರಶ್ನೆ ಇಟ್ಟರೆ ಆತ ಹೌದೆನ್ನದೆ ಇನ್ನೇನು ಹೇಳಿಯಾನು? ಅದು ಆತನ ಹುಟ್ಟುಗುಣವೋ, ಆರು ತಿಂಗಳು ಆತನ ಮೇಲೆ ಎಳೆದ ಗೆರೆಯೋ ಎಂಬುದನ್ನು ಆ ಒಂದು ಹಾಳೆ ಬೇರ್ಪಡಿಸಿ ತೋರಿಸಲಾರದು. ಆತಂಕದ ಸ್ವಭಾವಕ್ಕೆ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೇಲಧಿಕಾರಿಯ ಎರಡು ಸಾಲಿನ ಇಮೇಲಿನಲ್ಲಿ ಒಬ್ಬರು ಬರೀ ಸೂಚನೆಯನ್ನು ಓದಿದರೆ, ಇನ್ನೊಬ್ಬರು ಅದರಲ್ಲಿ ಅಸಮಾಧಾನವನ್ನೂ ಓದುತ್ತಾರೆ, ಮುಂದಿನ ಮೌಲ್ಯಮಾಪನದಲ್ಲಿ ತಮಗೆ ಆಗಲಿರುವ ನಷ್ಟವನ್ನೂ ಓದುತ್ತಾರೆ. ಅದೇ ಎರಡು ಸಾಲು ಅವರ ಪಾಲಿಗೆ ಮೂರು ಪಟ್ಟು ಕೆಲಸವಾಗುತ್ತದೆ. ಇದು ನಿಜವಾದ ಹೊರೆ. ಆದರೆ ಅಂಕಿಗಳು ತೋರಿಸುವಷ್ಟು ದೊಡ್ಡದೇ ಎಂಬ ಬಗ್ಗೆ ನನಗೆ ಅನುಮಾನವಿದೆ.

ನನಗೆ ಇದಕ್ಕಿಂತ ಹೆಚ್ಚು ಕುತೂಹಲ ಮೂಡಿಸಿದ್ದು ಕರ್ತವ್ಯನಿಷ್ಠೆಯ ಒಗಟು. ಅಂಕಿಗಳ ಪ್ರಕಾರ ಅದು ರಕ್ಷಣೆ ಕೊಡುವ ಗುಣ. ಯೋಜನೆ ಹಾಕಿಕೊಂಡು, ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುವವರಿಗೆ ಕೊನೆಯ ಕ್ಷಣದ ಒದ್ದಾಟ ಕಡಿಮೆ, ಮಾಡಿದ್ದರಲ್ಲಿ ತೃಪ್ತಿ ಹೆಚ್ಚು, ಇದು ಸಹಜವೇ. ಆದರೆ ಕಣ್ಣೆದುರು ಕುಸಿದವರನ್ನು ನೆನೆಸಿಕೊಂಡರೆ ಅವರಲ್ಲಿ ಹೆಚ್ಚಿನವರು ಸೋಮಾರಿಗಳೂ ಅಲ್ಲ, ಅಶಿಸ್ತಿನವರೂ ಅಲ್ಲ. ವಿಭಾಗದಲ್ಲೇ ಅತ್ಯಂತ ಅಚ್ಚುಕಟ್ಟಿನವರು. ಫ್ರಾಯ್ಡೆನ್‌ಬರ್ಗರ್ ಕೂಡ ಮೊದಲ ಬರಹದಲ್ಲೇ, ಕೆಲಸಕ್ಕೆ ತಮ್ಮನ್ನು ಪೂರ್ತಿ ಒಪ್ಪಿಸಿಕೊಂಡವರೇ ಈ ಬಲೆಗೆ ಬೀಳುತ್ತಾರೆ ಎಂದಿದ್ದರು. ಹಾಗಾದರೆ ಅಂಕಿಗಳು ಹೇಳುವುದೂ ಕಣ್ಣು ಕಾಣುವುದೂ ಹೊಂದುವುದಿಲ್ಲವೇಕೆ?

ಇದರ ಉತ್ತರದ ಒಂದು ಭಾಗ ಪರಿಪೂರ್ಣತೆಯ ಹಂಬಲದ ಅಧ್ಯಯನಗಳಲ್ಲಿ ಸಿಗುತ್ತದೆ. ಪಾಲ್ ಹೆವಿಟ್ ಮತ್ತು ಗೋರ್ಡನ್ ಫ್ಲೆಟ್ 1991ರಲ್ಲಿ ಈ ಹಂಬಲವನ್ನು ಮೂರು ಬಗೆಯಾಗಿ ವಿಂಗಡಿಸಿದರು: ತನ್ನಿಂದ ತಾನೇ ಬಯಸುವುದು, ಇತರರಿಂದ ಬಯಸುವುದು, ಮತ್ತು ಇತರರು ತನ್ನಿಂದ ಅದನ್ನೇ ಬಯಸುತ್ತಿದ್ದಾರೆಂದು ನಂಬುವುದು. ಆಂಡ್ರ್ಯೂ ಹಿಲ್ ಮತ್ತು ಥಾಮಸ್ ಕರನ್ 2016ರಲ್ಲಿ 43 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಎತ್ತರದ ಗುರಿ ಇಟ್ಟುಕೊಂಡು ಶ್ರಮಿಸುವುದಕ್ಕೂ ಬರ್ನ್‌ಔಟಿಗೂ ಹೆಚ್ಚಿನ ನಂಟು ಕಾಣಲಿಲ್ಲ; ಕೆಲವೆಡೆ ಅದು ಸಣ್ಣ ಪ್ರಮಾಣದಲ್ಲಿ ರಕ್ಷಣೆಯನ್ನೇ ಕೊಟ್ಟಿತ್ತು. ಬಳಲಿಕೆಯ ಜೊತೆ ಗಟ್ಟಿಯಾಗಿ ಬೆಸೆದುಕೊಂಡದ್ದು ತಪ್ಪಾದರೆ ಏನಾದೀತೆಂಬ ಭಯ, ಇತರರ ತೀರ್ಪಿನ ಅಳುಕು, ಮಾಡಿದ್ದರ ಬಗ್ಗೆ ತೀರದ ಸಂಶಯ. ಎಂದರೆ ಚೆನ್ನಾಗಿ ಮಾಡಬೇಕೆಂಬ ಆಸೆ ಮನುಷ್ಯನನ್ನು ಅಷ್ಟಾಗಿ ಸುಡುವುದಿಲ್ಲ; ಚೆನ್ನಾಗಿ ಆಗದಿದ್ದರೆ ತನಗೆ ಬೆಲೆಯಿಲ್ಲವೆಂಬ ನಂಬಿಕೆ ಸುಡುತ್ತದೆ. ಹೊರಗಿನಿಂದ ನೋಡುವವರಿಗೆ ಈ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಏಕೆಂದರೆ ಎರಡರ ಫಲವೂ ತಪ್ಪಿಲ್ಲದ ಒಂದು ವರದಿಯೇ ಆಗಿರುತ್ತದೆ.

ಹತ್ತಿರದಿಂದ ನೋಡಿದರೆ ವ್ಯತ್ಯಾಸ ಕಾಣುತ್ತದೆ. ತಿಂಗಳ ಕೊನೆಯ ಲೆಕ್ಕ ಮುಗಿಸಿದ ಒಬ್ಬ ಉದ್ಯೋಗಿಯನ್ನು ಕಲ್ಪಿಸಿಕೊಳ್ಳಿ. ಮೊತ್ತಗಳು ತಾಳೆಯಾಗಿವೆ, ಕಡತ ಸಿದ್ಧವಾಗಿದೆ, ಇಮೇಲನ್ನೂ ಬರೆದಾಗಿದೆ. ಕಳುಹಿಸುವ ಗುಂಡಿಯ ಮೇಲೆ ಬೆರಳಿಟ್ಟವರು ಅದನ್ನು ಹಿಂದಕ್ಕೆ ತೆಗೆದು ಮತ್ತೆ ಮೊದಲ ಹಾಳೆಯಿಂದ ನೋಡುತ್ತಾರೆ. ನಂತರ ಇಮೇಲಿನ ಮೊದಲ ವಾಕ್ಯ ಒರಟಾಯಿತೇನೋ ಎಂದು ಬದಲಿಸುತ್ತಾರೆ. ಬದಲಿಸಿದ್ದು ತೀರಾ ದೀನವಾಯಿತೆಂದು ಮೊದಲಿನಂತೆಯೇ ಮಾಡುತ್ತಾರೆ. ಕಳುಹಿಸಿದ ಮೇಲೆ ಕಳುಹಿಸಿದ ಪತ್ರಗಳ ಪಟ್ಟಿಗೆ ಹೋಗಿ, ಜೋಡಿಸಿದ ಕಡತ ಸರಿಯಾದದ್ದೇ ಎಂದು ತೆರೆದು ನೋಡುತ್ತಾರೆ. ಮನೆಗೆ ಹೋಗುವ ದಾರಿಯಲ್ಲಿ ಫೋನಿನಲ್ಲಿ ಇನ್ನೊಮ್ಮೆ. ಪಕ್ಕದ ಮೇಜಿನವರೂ ಅದೇ ಲೆಕ್ಕ ಮಾಡಿದ್ದಾರೆ, ಅಷ್ಟೇ ಸರಿಯಾಗಿ ಮಾಡಿದ್ದಾರೆ, ಒಂದು ಸಲ ಕಣ್ಣಾಡಿಸಿ ಕಳುಹಿಸಿ ಎದ್ದು ಹೋಗಿದ್ದಾರೆ. ಹಾಜರಿ ಪುಸ್ತಕದಲ್ಲಿ ಇಬ್ಬರದೂ ಒಂದೇ ವೇಳೆ. ವ್ಯಯವಾದ ಶಕ್ತಿಗೆ ಮಾತ್ರ ಹೋಲಿಕೆಯೇ ಇಲ್ಲ.

ಉತ್ತರದ ಇನ್ನೊಂದು ಭಾಗ ಯಾವ ಪ್ರಶ್ನಾವಳಿಯಲ್ಲೂ ಅಷ್ಟಾಗಿ ಕಾಣುವುದಿಲ್ಲವೆಂದು ನನ್ನ ಅನಿಸಿಕೆ. ಇಳಿಜಾರು ಇದ್ದ ಕಡೆಗೆ ನೀರು ಹರಿಯುವಂತೆ, ಕೆಲಸವೂ ಅದನ್ನು ಮುಗಿಸಿಕೊಡುವವರ ಕಡೆಗೇ ಹರಿಯುತ್ತದೆ. ತುರ್ತಾದ, ಗೋಜಲಾದ, ಬೇರೆಯವರು ಅರ್ಧಕ್ಕೆ ಬಿಟ್ಟ ಕಡತ ಯಾರ ಮೇಜಿಗೆ ಬರುತ್ತದೆ? "ನೀವಾದರೆ ಆಗುತ್ತೆ, ಬೇರೆಯವರಿಗೆ ಕೊಟ್ಟರೆ ಎಳೆದಾಡ್ತಾರೆ" ಎಂಬ ಮಾತಿನೊಂದಿಗೆ ಅದು ನಂಬಿಕಸ್ಥರ ಮೇಜಿಗೇ ಬರುತ್ತದೆ. ಆ ಮಾತು ಹೊಗಳಿಕೆಯ ರೂಪದಲ್ಲಿರುವುದರಿಂದ ಅದನ್ನು ನಿರಾಕರಿಸುವುದು ಇನ್ನೂ ಕಷ್ಟ. ಹೀಗೆ ಆರಂಭದಲ್ಲಿ ಎಲ್ಲರಿಗೂ ಸಮನಾಗಿ ಹಂಚಿದ್ದ ಹೊರೆ ಒಂದೆರಡು ವರ್ಷಗಳಲ್ಲಿ ಯಾರೂ ಬರೆದಿಡದ ರೀತಿಯಲ್ಲಿ ಮರುಹಂಚಿಕೆಯಾಗಿರುತ್ತದೆ. ಆಮೇಲೆ ನಾವು "ಒಂದೇ ಕೆಲಸ, ಒಂದೇ ವಿಭಾಗ, ಇವರಿಗೆ ಮಾತ್ರ ಯಾಕೆ ಹೀಗೆ?" ಎಂದು ಅಚ್ಚರಿಪಡುತ್ತೇವೆ. ಕೆಲಸ ಒಂದೇ ಆಗಿ ಉಳಿದಿರುವುದು ನೇಮಕಾತಿ ಪತ್ರದಲ್ಲಿ ಮಾತ್ರ.

ಸೌಮ್ಯ ಸ್ವಭಾವದವರ ಕಥೆಯೂ ಇದರ ನೆರೆಹೊರೆಯದೇ. ಎದುರಿನವರ ಬಗ್ಗೆ ಕಾಳಜಿ ಇರುವವರಲ್ಲಿ ತಾತ್ಸಾರದ ಮುಖ ಬೇಗ ಮೂಡುವುದಿಲ್ಲ; ಅಂಕಿಗಳಲ್ಲಿ ಅವರು ಸುರಕ್ಷಿತರೆಂದು ಕಾಣುವುದು ಬಹುಶಃ ಈ ಕಾರಣಕ್ಕೆ. ಆದರೆ "ಆಗುವುದಿಲ್ಲ" ಎನ್ನಲು ನಾಲಿಗೆ ಏಳದವರು ತಮ್ಮ ಊಟದ ವೇಳೆಯನ್ನೂ ರಜೆಯನ್ನೂ ಬಿಟ್ಟುಕೊಟ್ಟು, ಒಳಗೊಳಗೇ ಕುದಿಯುತ್ತಾ, ಹೊರಗೆ ನಗುತ್ತಾ ಇರುತ್ತಾರೆ. ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರ ದುಡಿಮೆಯನ್ನು ವಿವರಿಸುತ್ತಾ, ವೇತನಕ್ಕಾಗಿ ಭಾವನೆಗಳನ್ನು ಹೊಂದಿಸಿಕೊಳ್ಳುವುದೂ ಒಂದು ಶ್ರಮವೆಂದು ತೋರಿಸಿಕೊಟ್ಟರು. ಒಳಗಿಲ್ಲದ ನಗೆಯನ್ನು ಮುಖದ ಮೇಲೆ ಉಳಿಸಿಕೊಳ್ಳುವುದು ಬಳಲಿಕೆಯನ್ನು ಹೆಚ್ಚಿಸುತ್ತದೆ ಎಂಬುದು ಆ ನಂತರದ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಆಸ್ಪತ್ರೆಯ ದಾದಿಯರು, ಶಿಕ್ಷಕರು, ಗ್ರಾಹಕರ ದೂರು ಕೇಳುವ ಕೌಂಟರಿನವರು ಈ ಶ್ರಮವನ್ನು ದಿನವಿಡೀ ಮಾಡುತ್ತಾರೆ. ಬಹಿರ್ಮುಖಿಗಳಿಗೆ ಇಲ್ಲೊಂದು ಅನುಕೂಲವಿದೆ: ಅವರಲ್ಲಿ ಹಲವರಿಗೆ ಆ ನಗೆ ನಟನೆಯೇ ಆಗಿರುವುದಿಲ್ಲ, ಜೊತೆಗೆ ಸಂಕಟವಾದಾಗ ಬಾಯಿಬಿಟ್ಟು ಹೇಳಿಕೊಳ್ಳಲು ನಾಲ್ಕು ಜನರೂ ಇರುತ್ತಾರೆ. ಅಂತರ್ಮುಖಿಯ ಬಳಲಿಕೆ ಯಾರ ಕಿವಿಗೂ ಬೀಳುವುದಿಲ್ಲ. ಅವರು ಮೊದಲೇ ಮೌನಿಗಳಾದ್ದರಿಂದ ಮೌನ ಹೆಚ್ಚಾದದ್ದು ಗಮನಕ್ಕೂ ಬರುವುದಿಲ್ಲ.

ಕೆಲಸದ ಹೊತ್ತು ಮುಗಿದ ಮೇಲೆ ಏನಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಮಂಡಿಸಿದ ವಾದದ ತಿರುಳು ಹೀಗಿದೆ: ಹಾಕಿದ ಶ್ರಮಕ್ಕೂ ದೊರೆತ ಪ್ರತಿಫಲಕ್ಕೂ ಹೊಂದಾಣಿಕೆ ಇಲ್ಲದಾಗ ಆರೋಗ್ಯ ಕೆಡುತ್ತದೆ, ಮತ್ತು ಅತಿಯಾಗಿ ತೊಡಗಿಸಿಕೊಳ್ಳುವ ಸ್ವಭಾವದವರಲ್ಲಿ ಆ ಕೆಡುಕು ಹೆಚ್ಚು. ಪ್ರತಿಫಲವೆಂದರೆ ಇಲ್ಲಿ ಸಂಬಳ ಮಾತ್ರವಲ್ಲ, ಗೌರವ ಮತ್ತು ಉದ್ಯೋಗದ ಭದ್ರತೆಯೂ ಹೌದು. ಅತಿ ತೊಡಗಿಸಿಕೊಳ್ಳುವಿಕೆಯನ್ನು ಅವರು ಗುರುತಿಸಿದ್ದು ಸರಳವಾದ ಲಕ್ಷಣಗಳಿಂದ: ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೆಲಸದ ಯೋಚನೆ, ಮನೆಗೆ ಬಂದ ಮೇಲೂ ಕಳಚಿಕೊಳ್ಳಲಾಗದ ಮನಸ್ಸು. ಮನೋವಿಜ್ಞಾನಿ ಸಬೀನೆ ಸೊನೆನ್‌ಟಾಗ್ ಅವರ ಸಂಶೋಧನೆಗಳೂ ಇದನ್ನೇ ಇನ್ನೊಂದು ಬದಿಯಿಂದ ಹೇಳುತ್ತವೆ. ಬಿಡುವಿನ ವೇಳೆಯಲ್ಲಿ ಮನಸ್ಸು ಕೆಲಸದಿಂದ ನಿಜವಾಗಿ ದೂರ ಸರಿದಾಗ ಮಾತ್ರ ಕಳೆದುಕೊಂಡ ಶಕ್ತಿ ಮರಳುತ್ತದೆ. ಚಿಂತೆಯನ್ನು ಮೆಲುಕು ಹಾಕುವವರ ದೇಹ ಸಂಜೆ ಆರಕ್ಕೆ ಮನೆಗೆ ಬಂದಿರಬಹುದು, ಅವರ ಪಾಳಿ ಮಾತ್ರ ರಾತ್ರಿ ಹನ್ನೊಂದರವರೆಗೂ ನಡೆಯುತ್ತಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಸ್ವಭಾವವನ್ನು ಕಾರಣವಾಗಿ ತೋರಿಸುವುದು ಕೆಲವರಿಗೆ ಬಹಳ ಅನುಕೂಲಕರ. ಸದಾ ಅವಸರದ, ಸ್ಪರ್ಧೆಯ, ಸಿಡುಕಿನ "ಟೈಪ್ ಎ" ವ್ಯಕ್ತಿತ್ವದವರಿಗೆ ಹೃದಯಾಘಾತ ಹೆಚ್ಚು ಎಂಬ ವಿಚಾರವನ್ನು ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ ಎಂಬ ಹೃದ್ರೋಗ ತಜ್ಞರು 1959ರಲ್ಲಿ ಮುಂದಿಟ್ಟದ್ದು ಹಲವರಿಗೆ ಗೊತ್ತು. ಆ ಸಂಶೋಧನೆಗೆ ಮುಂದಿನ ದಶಕಗಳಲ್ಲಿ ಸಿಗರೇಟು ಉದ್ಯಮವೇ ಹಣ ಸುರಿಯಿತು ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಹೃದಯ ಕೆಡುವುದಕ್ಕೆ ಮನುಷ್ಯನ ಸ್ವಭಾವವೇ ಕಾರಣವೆಂದಾದರೆ ಸಿಗರೇಟಿನ ಮೇಲಿನ ಆಪಾದನೆ ಹಗುರಾಗುತ್ತದೆಯಲ್ಲವೇ! ಆ ಉದ್ಯಮದ ಆಂತರಿಕ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು 2012ರಲ್ಲಿ ಇದನ್ನು ವಿವರವಾಗಿ ಬಯಲಿಗೆ ತಂದರು. ಬಳಲಿದ ಉದ್ಯೋಗಿಗಳಿಗೆ ಧ್ಯಾನದ ಆ್ಯಪ್ ಹಂಚಿ, ಖಾಲಿಯಿರುವ ಹುದ್ದೆಗಳನ್ನು ಖಾಲಿಯಾಗಿಯೇ ಇಟ್ಟುಕೊಳ್ಳುವ ಸಂಸ್ಥೆಗಳನ್ನು ಕಂಡಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಮಾಸ್ಲಾಕ್ ಅವರೂ ಮೈಕಲ್ ಲೈಟರ್ ಅವರೂ ಬರ್ನ್‌ಔಟಿನ ಬೇರುಗಳನ್ನು ಹುಡುಕಿದ್ದು ಕೆಲಸಕ್ಕೂ ವ್ಯಕ್ತಿಗೂ ಹೊಂದಿಕೆ ತಪ್ಪುವ ಆರು ಕಡೆಗಳಲ್ಲಿ: ಹೊರೆ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಪ್ರತಿಫಲ, ಸಹೋದ್ಯೋಗಿಗಳ ನಡುವಿನ ಬಾಂಧವ್ಯ, ನ್ಯಾಯ, ಮೌಲ್ಯಗಳು. ಈ ಪಟ್ಟಿ ನನಗೆ ಹಿಡಿಸುವುದು ಸ್ವಭಾವಕ್ಕೂ ಅದರಲ್ಲಿ ಜಾಗ ಇರುವುದರಿಂದ. ಸ್ವಂತ ರೀತಿಯಲ್ಲಿ ಕೆಲಸ ಮಾಡಬಯಸುವವರಿಗೆ ಹೊರೆ ಕಡಿಮೆಯಿದ್ದರೂ ಪ್ರತಿ ಹೆಜ್ಜೆಗೂ ಅನುಮತಿ ಕೇಳಬೇಕಾದ ಕಚೇರಿ ಉಸಿರು ಕಟ್ಟಿಸುತ್ತದೆ. ನ್ಯಾಯದ ಬಗ್ಗೆ ಸೂಕ್ಷ್ಮ ಮನಸ್ಸಿನವರನ್ನು ಹನ್ನೆರಡು ಗಂಟೆಯ ದುಡಿಮೆ ಕುಗ್ಗಿಸದಿದ್ದರೂ, ಅನರ್ಹರಿಗೆ ಸಿಕ್ಕ ಒಂದು ಬಡ್ತಿ ಕುಗ್ಗಿಸುತ್ತದೆ. ಆದ್ದರಿಂದ ಬಳಲಿದವರನ್ನು "ಕೆಲಸ ಜಾಸ್ತಿಯಾಯಿತೇ?" ಎಂದಷ್ಟೇ ಕೇಳಿದರೆ ಅರ್ಧ ಜನರ ವಿಷಯದಲ್ಲಿ ತಪ್ಪು ಉತ್ತರ ಸಿಗುತ್ತದೆ.

ಸ್ವಭಾವ ಬದಲಾಗುವುದೇ ಇಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2017ರಲ್ಲಿ 207 ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗ, ಮನೋಚಿಕಿತ್ಸೆಯಂಥ ಉಪಕ್ರಮಗಳಿಂದ ಸರಾಸರಿ 24 ವಾರಗಳಲ್ಲಿ ವ್ಯಕ್ತಿತ್ವದ ಗುಣಗಳಲ್ಲಿ ಗುರುತಿಸಬಹುದಾದ ಬದಲಾವಣೆ ಕಂಡಿತು. ಅತಿ ಹೆಚ್ಚು ಬದಲಾದದ್ದು ನ್ಯೂರೋಟಿಸಿಸಂಗೆ ವಿರುದ್ಧವಾದ ಭಾವನಾತ್ಮಕ ಸ್ಥಿರತೆಯೇ. ತಪ್ಪಿನ ಭಯವನ್ನು ಸಡಿಲಿಸಿಕೊಳ್ಳುವುದು, ಇಲ್ಲವೆನ್ನುವುದನ್ನು ಕಲಿಯುವುದು ಸಾಧ್ಯವಿದೆ, ಅದಕ್ಕೆ ತಜ್ಞರ ನೆರವು ಪಡೆಯುವುದರಲ್ಲಿ ಸಂಕೋಚವೂ ಬೇಕಿಲ್ಲ. ಆದರೆ ಈ ಕಲಿಕೆಗೆ ತಿಂಗಳುಗಳು ಬೇಕು, ಮತ್ತು ಕಲಿಯುವವರು ಅದೇ ಹೊತ್ತಿನಲ್ಲಿ ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರೆ ಅದು ನಡೆಯುವ ಮಾತಲ್ಲ.

ಮೇಲ್ವಿಚಾರಕರ ಕೈಯಲ್ಲಿರುವುದು ಇದಕ್ಕಿಂತ ಸುಲಭದ ಕೆಲಸ. ಕಳೆದ ಮೂರು ತಿಂಗಳಲ್ಲಿ ನಿಯಮಿತ ಹಂಚಿಕೆಯ ಹೊರಗೆ ಬಂದ ತುರ್ತು ಕೆಲಸಗಳನ್ನು ಯಾರ್ಯಾರಿಗೆ ಕೊಡಲಾಯಿತು ಎಂದು ಒಂದು ಹಾಳೆಯಲ್ಲಿ ಬರೆದರೆ ಸಾಕು, ಹೆಚ್ಚಿನ ವಿಭಾಗಗಳಲ್ಲಿ ಎರಡೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಆ ಇಬ್ಬರು ಯಾವತ್ತೂ ದೂರಿದವರಲ್ಲ ಎಂಬುದನ್ನು ಅವರ ಸಾಮರ್ಥ್ಯದ ಸಾಕ್ಷಿಯಾಗಿ ತೆಗೆದುಕೊಳ್ಳುವುದು ರೂಢಿ. ನನ್ನ ಲೆಕ್ಕದಲ್ಲಿ ಅದನ್ನು ಅಪಾಯದ ಸೂಚನೆಯಾಗಿ ತೆಗೆದುಕೊಳ್ಳಬೇಕು, ಏಕೆಂದರೆ ಇಂಥವರು ದೂರು ಹೇಳುವ ಹೊತ್ತಿಗೆ ರಾಜೀನಾಮೆ ಪತ್ರವನ್ನೂ ಬರೆದಿಟ್ಟಿರುತ್ತಾರೆ. ಸಾಪ್ತಾಹಿಕ ಸಭೆಯಲ್ಲಿ "ಯಾರಾದರೂ ತೆಗೆದುಕೊಳ್ಳುತ್ತೀರಾ?" ಎಂದು ಕೇಳುವ ಪದ್ಧತಿಯನ್ನು ನಿಲ್ಲಿಸಿ ಸರದಿಯ ಮೇಲೆ ಕೆಲಸ ಹಂಚುವುದು ಚಿಕ್ಕ ಬದಲಾವಣೆಯಂತೆ ಕಾಣಬಹುದು. ಆದರೆ ಮುಕ್ತವಾಗಿ ಕೇಳಿದ ಪ್ರತಿಸಲವೂ ಕೈ ಎತ್ತುವುದು ಮೌನವನ್ನು ಸಹಿಸಲಾಗದವರೇ, ಅಂದರೆ ಮೇಲಿನ ಪಟ್ಟಿಯಲ್ಲಿರುವ ಆ ಇಬ್ಬರೇ.

ವೈದ್ಯರ ಸಲಹೆಯ ಮೇರೆಗೆ ಕೆಲವು ವಾರ ರಜೆ ಹೋಗಿ ಬಂದವರ ವಿಷಯದಲ್ಲಂತೂ ಇದು ಇನ್ನೂ ಮುಖ್ಯವಾಗುತ್ತದೆ. ಇಂಥವರು ಬೇಗ ಮರಳುತ್ತಾರೆ; ತಮ್ಮಿಂದ ಇತರರಿಗೆ ತೊಂದರೆಯಾಯಿತೆಂಬ ತಪ್ಪಿತಸ್ಥ ಭಾವದಿಂದ ಮೊದಲ ವಾರವೇ ಮೊದಲಿಗಿಂತ ಹೆಚ್ಚು ದುಡಿಯಲು ತೊಡಗುತ್ತಾರೆ, ಮತ್ತು "ಈಗ ಹುಷಾರಾಗಿದ್ದಾರೆ" ಎಂದು ಎಲ್ಲರೂ ನಿರಾಳರಾಗುತ್ತಾರೆ. ಅವರು ಬರುವ ಮೊದಲೇ ಅವರ ಪಾಲಿನ ಯಾವ ಕೆಲಸಗಳನ್ನು ತೆಗೆದು ಯಾರಿಗೆ ವಹಿಸಲಾಗಿದೆ ಎಂಬುದು ಲಿಖಿತವಾಗಿ ತೀರ್ಮಾನವಾಗಿರಬೇಕು, ಮತ್ತು ಆ ಕೆಲಸಗಳನ್ನು ಮರಳಿ ಪಡೆಯುವ ಆಯ್ಕೆ ಕನಿಷ್ಠ ಮೊದಲ ಎರಡು ಮೂರು ತಿಂಗಳು ಅವರ ಕೈಯಲ್ಲಿ ಇರಕೂಡದು.